ಭರತಿ ನೋಡಿ ಹೊರಟ ದೋಣಿ

ನಮ್ಮ ಆಯಿ, ಅಂದ್ರೆ ಅಮ್ಮ, ಹುಟ್ಟಿ ಬೆಳೆದಿದ್ದು ಕಾರವಾರದ ಹತ್ರ, ಮದುವೆಯಾಗಿ ಶಿರಸಿಗೆ ಬಂದು ನಲವತ್ತೈದು ವರ್ಷದ ಮೇಲಾಯ್ತು. ಹನ್ನೆರಡನೇ ವಯಸ್ಸಲ್ಲಿ ಅಜ್ಜನ ಜೊತೆ ದೋಣಿಯಲ್ಲಿ ಕೂತು ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಗೆ ಹೋಗಿದ್ದನ್ನ ಪ್ರತಿ ವರ್ಷ ಪುಷ್ಯ ಹುಣ್ಣಿಮೆ ಬಂದಾಗ ಹೇಳೇ ಹೇಳ್ತಾಳೆ, ದೋಣಿ ತುಂಬ ಬಾಳೆಗೊನೆ ಇತ್ತು, ಅಜ್ಜ ನನ್ನ ಸೊಂಟಕ್ಕೆ ಪಂಚೆ ತುದಿ ಕಟ್ಟಿ ಇನ್ನೊಂದು ತುದಿ ತನ್ನ ಕೈಗೆ ಸುತ್ಕೊಂಡಿದ್ರು ಅಂತ. ಮತ್ತೆ ಒಂದು ಸಲ ಹೋಗ್ಬೇಕು ಅನ್ನೋ ಆಸೆ ಅವಳಿಗೆ ಮೊದಲಿಂದ ಇತ್ತು, ಆದ್ರೆ 2019ರ ನಂತರ ಬಾಯಿ ಬಿಟ್ಟು ಹೇಳೋದನ್ನ ನಿಲ್ಲಿಸಿದ್ಲು. ಆ ವರ್ಷ ಜನವರಿ 21ಕ್ಕೆ ಜಾತ್ರೆ ಮುಗಿಸಿ ವಾಪಸ್ ಬರ್ತಿದ್ದ ದೋಣಿ ಮಗುಚಿ 16 ಜನ ಹೋದ್ರಲ್ಲ, ಅವರಲ್ಲಿ ಹಾವೇರಿ ಕಡೆಯಿಂದ ಬಂದ ಕುಟುಂಬದವರೂ ಇದ್ರು, ಚಿಕ್ಕ ಚಿಕ್ಕ ಮಕ್ಕಳೂ ಇದ್ರು. ಅವತ್ತು ಸಂಜೆ ಟಿವಿ ಮುಂದೆ ಆಯಿ ಕೂತಿದ್ದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಈ ಸಲ ಜಾತ್ರೆ ಮುಗಿದು ಒಂದು ತಿಂಗಳಿಗೆ, ಫೆಬ್ರವರಿಯಲ್ಲಿ, ತಂಗಿ ಧಾರವಾಡದಿಂದ ಬರ್ತೇನೆ ಅಂದ್ಲು. ಜಾತ್ರೆ ಗದ್ದಲ ಇಲ್ಲದಾಗ ನಮ್ಮ ಮನೆಯವರಷ್ಟೇ ಒಂದು ದೋಣಿ ಮಾಡ್ಕೊಂಡು ಹೋಗಿ ಬರೋಣ, ಆಯಿಗೆ ಅವಸರ ಇರಬಾರದು, ಅವಳಿಗೆ ಮೊಣಕಾಲು ನೋವು ಬೇರೆ ಅಂತ ನಾನೇ ಮುಂದಾದೆ. ನಾನು, ಹೆಂಡತಿ, ನಮ್ಮ ಇಬ್ಬರು ಮಕ್ಕಳು, ತಂಗಿ, ಭಾವ, ಅವರ ಮಗಳು, ಆಯಿ, ಒಟ್ಟು ಎಂಟು ಜನ. ಪರಿಚಯದವರ ಪರಿಚಯದಿಂದ ಒಂದು ಫೋನ್ ನಂಬರ್ ಸಿಕ್ತು. ಚೆಂದ ಮಾತಾಡಿದ್ರು, ನೀಲಿ ಬಿಳಿ ಬಣ್ಣದ ದೋಣಿ ಫೋಟೋ ಕಳ್ಸಿದ್ರು, ಇಡೀ ದೋಣಿ ನಿಮಗೇ ಸರ್, ಮೂರೂವರೆ ಸಾವಿರ, ಶನಿವಾರ ಮಧ್ಯಾಹ್ನ ಮೂರೂವರೆಗೆ ಬಿಟ್ಟು ಸೂರ್ಯಾಸ್ತ ನೋಡ್ಕೊಂಡು ಬರೋದು, ಲೈಫ್ ಜಾಕೆಟ್ ಎಲ್ಲಾ ಇದೆ ಅಂದ್ರು. ಎರಡು ಸಾವಿರ ಅಡ್ವಾನ್ಸ್ ಫೋನಲ್ಲೇ ಹಾಕ್ದೆ. ದೋಣಿ ನಡೆಸೋರು ಯಾರು, ಮಕ್ಕಳ ಅಳತೆಯ ಜಾಕೆಟ್ ಎಷ್ಟಿದೆ, ಆ ಹೊತ್ತಿಗೆ ನೀರು ಹೇಗಿರ್ತದೆ ಅಂತ ಏನೂ ಕೇಳಲಿಲ್ಲ. ಘಟ್ಟದ ಮೇಲಿನವರಿಗೆ ಇದೆಲ್ಲ ಕೇಳ್ಬೇಕು ಅಂತಲೇ ಹೊಳೆಯೋದಿಲ್ಲ.

ಶನಿವಾರ ಬೆಳಿಗ್ಗೆ ಹೊರಟು ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ದಾಟಿ ಕಾರವಾರ ಸೇರಿದ್ವಿ. ಡಿಕ್ಕಿಯಲ್ಲಿ ತೋಟದ ಮಿಟ್ಲಿ ಬಾಳೆಗೊನೆ, ಆಯಿ ತಾನೇ ನಿಂತು ಕಡಿಸಿದ್ದು. ಅವತ್ತು ಸಂಕಷ್ಟಿ, ಅವಳದ್ದು ಉಪವಾಸ, ಚಂದ್ರ ಕಾಣೋ ತನಕ ಏನೂ ತಿನ್ನೋದಿಲ್ಲ. ಬೇಡ ಅಂದ್ರೆ ಕೇಳೋಳಲ್ಲ.

ಮೂರು ಗಂಟೆಗೇ ಕೋಡಿಬಾಗದ ಹತ್ರ ಕಾಳಿ ನದಿ ದಂಡೆಗೆ ಹೋಗಿ ನಿಂತ್ವಿ. ಅಲ್ಲಿ ಆಗಲೇ ಎರಡು ಗುಂಪು ಬಂದು ಕೂತಿತ್ತು, ಒಂದು ಬೆಂಗಳೂರು ಕಡೆಯ ಹುಡುಗರು, ಇನ್ನೊಂದು ನಮ್ಮ ಹಾಗೆ ಸಂಸಾರಸ್ಥರು, ಕಂಕುಳಲ್ಲಿ ಒಂದು ವರ್ಷದ ಮಗು. ಮಾತಾಡಿದಾಗ ಗೊತ್ತಾಯ್ತು ಅವರಿಗೂ ಇದೇ ದೋಣಿ, ಅವರಿಗೂ ಇಡೀ ದೋಣಿ ನಿಮಗೇ ಅಂತ ಹೇಳಿದ್ದು. ದೋಣಿ ಬಂತು, ಫೋಟೋದಲ್ಲಿದ್ದದ್ದಕ್ಕಿಂತ ಚಿಕ್ಕದು. ನಮ್ಮನ್ನೂ ಸೇರಿಸಿ ಲೆಕ್ಕ ಹಾಕಿದ್ರೆ ಇಪ್ಪತ್ಮೂರು ಜನ. ಜಾಕೆಟ್ ಎಣಿಸ್ದೆ, ಹದಿಮೂರು ಇತ್ತು, ಅದ್ರಲ್ಲಿ ಮಕ್ಕಳದ್ದು ಒಂದೂ ಇಲ್ಲ. ನನ್ನ ಚಿಕ್ಕ ಮಗನಿಗೆ ಆರು ವರ್ಷ, ದೊಡ್ಡವರ ಜಾಕೆಟ್ ಹಾಕಿ ಭುಜದ ಹತ್ರ ಹಿಡಿದು ಮೇಲೆತ್ತಿದ್ರೆ ಜಾಕೆಟ್ ಮಾತ್ರ ಕೈಗೆ ಬಂತು, ಹುಡುಗ ಕೆಳಗೇ ಉಳ್ಕೊಂಡ. ನೀರಲ್ಲಿ ಬಿದ್ರೂ ಆಗೋದು ಅದೇ ಅಲ್ವಾ. ಕೇಳಿದ್ದಕ್ಕೆ, ಸರ್ ಅರ್ಧ ಗಂಟೆ ದಾರಿ, ಏನೂ ಆಗೋದಿಲ್ಲ, ದಿನಾ ಹೋಗ್ತೇವೆ ಅಂದ್ರು.

ನಾನು ಇನ್ನೂ ಏನೋ ವಾದ ಮಾಡ್ತಿದ್ದೆ, ಅಷ್ಟರಲ್ಲಿ ಆಯಿ ಹಿಂದಿನಿಂದ ನನ್ನ ಅಂಗಿ ಹಿಡಿದು ಎಳೆದ್ಲು. "ತಮ್ಮಾ, ನಾ ಹತ್ತೂದಿಲ್ಲ. ಮಕ್ಕಳನ್ನೂ ಹತ್ತಿಸ್ಬೇಡ. ದೇವರು ಎಲ್ಲೂ ಹೋಗೂದಿಲ್ಲ." ಐವತ್ತಾರು ವರ್ಷ ಕಾದವಳು ಅವಳು. ಅಡ್ವಾನ್ಸ್ ವಾಪಸ್ ಕೊಡಿ ಅಂದ್ರೆ ಕ್ಯಾನ್ಸಲ್ ಮಾಡಿದ್ದು ನೀವು, ನಾವಲ್ಲ ಅಂದ್ರು. ಹುಡುಗರ ಹತ್ರವೂ ಆ ಮಗು ತಾಯಿ ಹತ್ರವೂ ನಾನೂ ಭಾವನೂ ಹೋಗಿ ಹೇಳಿದ್ವಿ, ಇಷ್ಟು ಜನಕ್ಕೆ ಜಾಕೆಟ್ ಇಲ್ಲ, ಯೋಚನೆ ಮಾಡಿ ಅಂತ. ಆಯಮ್ಮ ಗಂಡನ ಮುಖ ನೋಡಿದ್ಲು, ಗಂಡ ದುಡ್ಡು ಕೊಟ್ಟಾಗಿದೆ ಅಂದ. ಹದಿನೈದು ಜನ ಹೋದ್ರು. ಕರಾವಳಿ ಕಾವಲು ಪೊಲೀಸರ ಸಹಾಯವಾಣಿ 1093 ಅಂತ ನನಗೆ ಗೊತ್ತಾಗಿದ್ದು ಆಮೇಲೆ, ಅವತ್ತು ಗೊತ್ತಿದ್ರೆ ಅಲ್ಲಿಂದಲೇ ಫೋನ್ ಮಾಡ್ತಿದ್ದೆ.

ವಾಪಸ್ ರೂಮಿಗೆ ಹೋಗೋಕೆ ಯಾರಿಗೂ ಮನಸ್ಸು ಬರಲಿಲ್ಲ. ಆ ದೋಣಿ ತಿರುಗಿ ಬರೋದನ್ನ ನೋಡ್ಬೇಕು ಅಂತ ಎಲ್ಲರಿಗೂ ಒಳಗೊಳಗೇ ಇತ್ತು, ಬಾಯಲ್ಲಿ ಯಾರೂ ಹೇಳಲಿಲ್ಲ. ಅಲ್ಲೇ ದಂಡೆ ಮೇಲೆ ಒಬ್ಬರು ವಯಸ್ಸಾದವರು ಬಲೆ ರಿಪೇರಿ ಮಾಡ್ತಾ ಕೂತಿದ್ರು, ನಡೆದದ್ದನ್ನೆಲ್ಲ ನೋಡಿದ್ರು ಅಂತ ಕಾಣ್ತದೆ, ಆಯಿಗೆ ಕೂತ್ಕೊಳ್ಳೋಕೆ ಒಂದು ಮೀನಿನ ಕ್ರೇಟ್ ಬೋರಲು ಹಾಕಿ ಕೊಟ್ರು. ಆಯಿ ಕೊಂಕಣಿಯಲ್ಲಿ ಶುರು ಮಾಡಿದ್ಲು ನೋಡಿ, ಹತ್ತು ನಿಮಿಷದಲ್ಲಿ ಯಾರ ಮನೆ ಯಾವ ಕೇರಿ ಎಲ್ಲಾ ಬಂತು, ಅವಳ ಮುಖದಲ್ಲಿ ಆವಾಗ ಬಂದ ಕಳೆ ನಾನು ಶಿರಸಿಯಲ್ಲಿ ನೋಡೇ ಇಲ್ಲ. ಅವರು ನಲವತ್ತು ವರ್ಷ ಮೀನುಗಾರಿಕೆ ದೋಣಿಯ ತಾಂಡೇಲರಾಗಿದ್ದವರು, ಅಂದ್ರೆ ದೋಣಿ ನಡೆಸೋ ಮುಖ್ಯಸ್ಥರು, ಈಗ ಮಗನ ಜೊತೆ ಸ್ವಂತ ದೋಣಿಯಲ್ಲಿ ಆಗೀಗ ಜನರನ್ನ ಕರ್ಕೊಂಡು ಹೋಗ್ತಾರೆ.

"ಅಣ್ಣ, ಹಾಗಾದ್ರೆ ಈಗ ನೀವೇ ಕರ್ಕೊಂಡು ಹೋಗ್ತೀರಾ? ಎಷ್ಟಾದ್ರೂ ಕೊಡ್ತೇನೆ" ಅಂದೆ.

ಅವರು ತಲೆ ಎತ್ತದೇ ಕೇಳಿದ್ರು, "ಇವತ್ತು ತಿಥಿ ಎಂತ?"

ಸಂಕಷ್ಟಿ ಅಂತ ಆಯಿ ಹೇಳಿದ್ಲು.

"ಹಾಂ. ಚೌತಿ. ಅಂದ್ರೆ ಎರಡೂವರೆ ಹೊತ್ತಿಗೇ ಭರತಿ ತುಂಬಿ ಆಗ್ಯದೆ, ಈಗ ಇಳಿತ. ಹೋಗೂಕೆ ಏನೂ ತೊಂದ್ರೆ ಇಲ್ಲ. ಬರೂದು ಹೇಗೆ?"

ಭರತಿ ಅಂದ್ರೆ ಸಮುದ್ರದ ನೀರು ಏರೋದು, ಇಳಿತ ಅಂದ್ರೆ ಅದು ಇಳಿಯೋದು. ಆಮೇಲೆ ಅವರು ಹೇಳಿದ್ದನ್ನ ನಾನು ಸಾಧ್ಯವಾದಷ್ಟು ಹಾಗೇ ಬರೀತೇನೆ, ಯಾಕಂದ್ರೆ ದೋಣಿ ಬುಕ್ ಮಾಡೋರಿಗೆ ಇದನ್ನ ಯಾರೂ ಹೇಳೋದಿಲ್ಲ. ಚಳಿಗಾಲ ಬೇಸಿಗೆಯಲ್ಲಿ ಬೆಳಿಗ್ಗೆ ಗಾಳಿ ಘಟ್ಟದ ಕಡೆಯಿಂದ ಸಮುದ್ರಕ್ಕೆ ಬೀಸ್ತದೆ, ತೆಳ್ಳಗೆ, ನೀರು ಎಣ್ಣೆ ಹಾಕಿದ ಹಾಗಿರ್ತದೆ. ನೆಲ ಕಾದ ಮೇಲೆ ಮಧ್ಯಾಹ್ನದಿಂದ ಗಾಳಿ ತಿರುಗಿ ಸಮುದ್ರದಿಂದ ದಡಕ್ಕೆ ಬೀಸೋಕೆ ಶುರು, ಅಲೆ ಏಳ್ತದೆ. ಇಳಿತದ ಹೊತ್ತಲ್ಲಿ ಕಾಳಿ ನದಿ ನೀರೆಲ್ಲ ಅಳಿವೆಯಿಂದ, ಅಂದ್ರೆ ನದಿ ಸಮುದ್ರ ಸೇರೋ ಜಾಗದಿಂದ, ಹೊರಗೆ ನುಗ್ತಾ ಇರ್ತದೆ, ಆ ಕಡೆಯಿಂದ ಗಾಳಿ ಅಲೆಯನ್ನ ಒಳಗೆ ತಳ್ತದೆ, ಎರಡೂ ಎದುರುಬದುರು ಆದಾಗ ಅಳಿವೆ ಬಾಯಲ್ಲಿ ಮರಳು ದಿಬ್ಬ ಇರೋ ಕಡೆ, ನೀರು ಕಡಿಮೆ ಇರೋ ಕಡೆ, ಅಲೆ ಕಡಿದಾಗಿ ನಿಂತು ಒಡೀತದೆ. ಅಲ್ಲಿ ದೋಣಿ ಅಡ್ಡ ತಿರುಗಬಾರದು. ಜನ ತುಂಬಿದ್ದಾಗ ಅಲೆ ಬಂತು ಅಂತ ಎಲ್ಲ ಒಂದೇ ಬದಿಗೆ ಸರಿದ್ರೆ ಮುಗೀತು. ಸೂರ್ಯಾಸ್ತ ನೋಡ್ಕೊಂಡು ಬರೋದು ಅಂದ್ರೆ ಸರಿಯಾಗಿ ಅದೇ ಹೊತ್ತಿಗೆ ಅಳಿವೆ ದಾಟಬೇಕು.

"ನಾಳೆ ಪಂಚಮಿ. ಭರತಿ ದಿನಾ ಮುಕ್ಕಾಲು ಗಂಟೆ ಮೇಲೆ ಹಿಂದೆ ಸರೀತದೆ. ನಾಳೆ ಬೆಳಿಗ್ಗೆ ಒಂಬತ್ತರ ಹತ್ರ ನೀರು ಪೂರ್ತಿ ಇಳೀತದೆ, ಮತ್ತೆ ಏರೂಕೆ ಶುರು. ಏಳಕ್ಕೆ ಬಿಟ್ರೆ ಇಳಿತದ ಸಂಗ್ತಿ ಹೊರಗೆ ಹೋಗೂದು, ಹತ್ತೂವರೆಗೆ ಅಲ್ಲಿಂದ ಬಿಟ್ರೆ ಭರತಿ ಸಂಗ್ತಿ ಒಳಗೆ ಬರೂದು. ಗಾಳಿ ಏಳೂದ್ರೊಳಗೆ ಮನೆ. ಆಗೂದಾದ್ರೆ ಹೇಳಿ, ಇಲ್ದಿದ್ರೆ ಇಲ್ಲ. ಐದು ಸಾವ್ರ. ಅಡ್ವಾನ್ಸ್ ಬೇಡ, ಬೆಳಿಗ್ಗೆ ಗಾಳಿ ನೋಡಿ ನಾನೇ ಬೇಡ ಅಂದ್ರೂ ಅಂದೆ."

ಚೌಕಾಸಿ ಮಾಡೋ ಪ್ರಶ್ನೆಯೇ ಬರಲಿಲ್ಲ. ಮಕ್ಕಳ ಜಾಕೆಟ್ ತಮ್ಮ ಹತ್ರ ಎರಡೇ ಇದೆ, ಮೂರನೇದು ರಾತ್ರಿ ಬೇರೆ ದೋಣಿಯವರಿಂದ ತಂದಿಡ್ತೇನೆ ಅಂದ್ರು, ಮೂರೂ ಮಕ್ಕಳನ್ನ ಹತ್ರ ಕರೆದು ಎದೆ ಅಳತೆ ಕೈಯಲ್ಲೇ ನೋಡಿದ್ರು. ದೋಣಿ ಬದಿಯಲ್ಲಿ ಬರೆದಿದ್ದ ನೋಂದಣಿ ನಂಬರು, ಇಂಜಿನ್ನು, ಇಂಜಿನ್ ಕೈಕೊಟ್ರೆ ಅಂತ ಇಟ್ಟಿದ್ದ ಹುಟ್ಟು, ಲಂಗರು ಎಲ್ಲಾ ಭಾವನಿಗೆ ತೋರಿಸಿದ್ರು, ನಾವು ಕೇಳದೇ ಇದ್ರೂ.

ಆ ದೋಣಿ ಆರೂವರೆಗೆ ಬಂತು. ದೂರದಲ್ಲಿ ಅಳಿವೆ ಹತ್ರ ಅದು ಮೇಲೇಳೋದು ಕಾಣ್ತಿತ್ತು, ಮತ್ತೆ ಕಾಣ್ತಿರಲಿಲ್ಲ, ತಾಂಡೇಲರು ಬಲೆ ಬಿಟ್ಟು ಎದ್ದು ನಿಂತಿದ್ರು. ಒಳಗೆ ಬಂದ ಮೇಲೇ ಅವರು ಕೂತಿದ್ದು. ಹುಡುಗರು ಪೂರ್ತಿ ಒದ್ದೆ, ಒಬ್ಬರೂ ಮಾತಾಡ್ತಿರಲಿಲ್ಲ, ಆ ತಾಯಿ ಮಗುವನ್ನ ಸೆರಗಲ್ಲಿ ಸುತ್ತಿ ಎದೆಗೆ ಒತ್ಕೊಂಡೇ ಇಳಿದ್ಲು. ನನ್ನ ಹೆಂಡತಿ ಹೋಗಿ ಟವೆಲ್ ಕೊಟ್ಲು. ಆಯಮ್ಮ ಥ್ಯಾಂಕ್ಸ್ ಅನ್ನೋಕೆ ಹೋಗಿ ಅತ್ತುಬಿಟ್ಲು.

ರಾತ್ರಿ ಚಂದ್ರ ಬರೋ ತನಕ ಟಾಗೋರ್ ಬೀಚಲ್ಲಿ ಕೂತಿದ್ವಿ. 1880ರ ದಶಕದಲ್ಲಿ ರವೀಂದ್ರನಾಥ ಟಾಗೋರರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ರು, ಇಪ್ಪತ್ತೆರಡರ ಆಸುಪಾಸಿನ ತಮ್ಮ ಬಂದು ಉಳಿದು, ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿ ಮೇಲೆ ಹೋಗಿ ಬಂದದ್ದನ್ನ ಮುಂದೆ ನೆನಪಿಂದ ಬರೆದಿದ್ದಾರೆ. ತಂಗಿ ಇದನ್ನ ಮಕ್ಕಳಿಗೆ ಹೇಳ್ತಿದ್ದಾಗ ಒಂಬತ್ತೂವರೆ ಹೊತ್ತಿಗೆ ಊರಿನ ಹಿಂದಿನ ಗುಡ್ಡದಿಂದ ಚಂದ್ರ ಬಂತು, ಆಯಿ ಕೈಮುಗಿದು ಎರಡು ಬಾಳೆಹಣ್ಣು ತಿಂದ್ಲು.

ಬೆಳಿಗ್ಗೆ ಆರೂಮುಕ್ಕಾಲಿಗೆ ತಾಂಡೇಲರು ದಂಡೆಯಲ್ಲಿ ಕಾಲು ನೀರಲ್ಲಿಟ್ಟು ಪಶ್ಚಿಮಕ್ಕೆ ನೋಡ್ತಾ ನಿಂತಿದ್ರು. ನಾವು ಉಸಿರು ಬಿಗಿ ಹಿಡ್ಕೊಂಡು ಅವರ ಮುಖ ನೋಡ್ತಿದ್ವಿ. "ಬನ್ನಿ" ಅಂದ್ರು. ಮೊದಲು ಆಯಿಗೆ ಜಾಕೆಟ್ ಹಾಕಿ, ಸೀರೆ ಸೆರಗು ಒಳಗೆ ಸಿಕ್ಕಿಸಿ, ನಡುವಲ್ಲಿ ಹಲಗೆ ಮೇಲೆ ಕೂರಿಸಿದ್ರು. ಯಾರು ಯಾವ ಬದಿ ಅಂತ ತೂಕ ನೋಡಿ ಕೂರಿಸಿ, ಡಾಲ್ಫಿನ್ ಕಂಡ್ರೂ ಯಾರೂ ಏಳಬಾರದು, ನಾನೇ ದೋಣಿ ತಿರುಗಿಸ್ತೇನೆ ಅಂದ್ರು. ಸದಾಶಿವಗಡದ ಗುಡ್ಡ ಬಲಕ್ಕೆ, ಹಿಂದೆ ಕಾಳಿ ಸೇತುವೆ. 2024ರ ಆಗಸ್ಟಲ್ಲಿ ರಾತ್ರಿ ಕುಸಿದ ಹಳೇ ಸೇತುವೆಯ ವಿಷಯ ಭಾವ ಕೇಳ್ತಿದ್ದ, ತಾಂಡೇಲರು ಬೆರಳು ತುಟಿಗೆ ಇಟ್ರು. ಅಳಿವೆ ಬಂದಿತ್ತು. ಇಂಜಿನ್ ಸಣ್ಣ ಮಾಡಿ, ನೀರಿನ ಬಣ್ಣ ನೋಡ್ತಾ, ನನಗೆ ಎಲ್ಲಾ ಒಂದೇ ಥರ ಕಾಣೋ ನೀರಲ್ಲಿ ಅವರು ಒಂದು ದಾರಿ ಹಿಡಿದು ಹೋದ್ರು. ಎರಡು ಸಲ ಮೆತ್ತಗೆ ಎತ್ತಿ ಇಳಿಸಿದ ಹಾಗಾಯ್ತು ಅಷ್ಟೇ.

ಆಮೇಲೆ ಸಮುದ್ರ. ಬೂದು ಬಣ್ಣ, ಸದ್ದೇ ಇಲ್ಲ. ದೇವಗಡದ ಲೈಟ್‌ಹೌಸು, ದಕ್ಷಿಣಕ್ಕೆ ದೂರದಲ್ಲಿ ಅಂಜುದೀವ ದ್ವೀಪ. ಅದು ಲೆಕ್ಕದಲ್ಲಿ ಗೋವಾಕ್ಕೆ ಸೇರಿದ್ದು, ನೌಕಾಪಡೆಯ ಕೈಲಿದೆ, ಆ ಕಡೆ ನಾವು ಮುಖ ಹಾಕೋ ಹಾಗಿಲ್ಲ ಅಂದ್ರು. ಡಾಲ್ಫಿನ್ ಕೂಡ ಬಂತು, ಮೂರೋ ನಾಲ್ಕೋ, ಬೆನ್ನ ಮೇಲೆ ಡುಬ್ಬ ಇರೋ ಜಾತಿ, ಬೆನ್ನಟ್ಟಿ ಹೋಗದೇ ಇಂಜಿನ್ ಆಫ್ ಮಾಡಿ ಸುಮ್ನೆ ಕೂತ್ವಿ, ಅವು ಉಸಿರು ಬಿಡೋ ಸದ್ದು ಕೇಳ್ತಿತ್ತು. ಮಕ್ಕಳು ಏಳಲಿಲ್ಲ.

ದೂರದಿಂದ ಕೂರ್ಮಗಡ ನಿಜವಾಗ್ಲೂ ಆಮೆ ಕೂತ ಹಾಗೇ ಕಾಣ್ತದೆ. ಇಳಿಯೋದು ಬಂಡೆ ಮೇಲೆ, ತಾಂಡೇಲರ ಮಗ ಮೊದಲು ಹಾರಿ ಹಗ್ಗ ಹಿಡಿದ, ಅಲೆ ಎತ್ತಿದ ಕ್ಷಣ ನೋಡಿ ಅಪ್ಪ ಮಗ ಇಬ್ರೂ ಆಯಿಯನ್ನ ರೆಟ್ಟೆ ಹಿಡಿದು ಇಳಿಸಿದ್ರು. ಹತ್ತೋಕೆ ಅವಳಿಗೆ ಅರ್ಧ ಗಂಟೆ ಬೇಕಾಯ್ತು, ನಾಲ್ಕು ಹೆಜ್ಜೆಗೊಮ್ಮೆ ಕೂತ್ಲು, ಅವಸರ ಮಾಡೋರು ಯಾರೂ ಇರಲಿಲ್ಲ. ದೋಣಿ ನಮ್ಮದೇ ಆಗಿರ್ಬೇಕು ಅಂತ ನಾನು ಬಯಸಿದ್ದು ಇದೊಂದು ಅರ್ಧ ಗಂಟೆಗೆ. ಗುಡಿ ಮುಂದೆ ಬಾಳೆಗೊನೆ ಇಟ್ಟು ಕೈಮುಗಿದು ನಿಂತವಳು ಬಹಳ ಹೊತ್ತು ಅಲ್ಲಾಡಲಿಲ್ಲ. ಏನು ಬೇಡ್ಕೊಂಡೆ ಅಂತ ಮೊಮ್ಮಗಳು ಕೇಳಿದ್ದಕ್ಕೆ, "ಬೇಡ್ಕೊಳ್ಳಲಿಲ್ಲ ಪುಟ್ಟಾ, ಆ ಹದಿನಾರು ಜನಕ್ಕೆ ಕೈ ಮುಗಿದೆ" ಅಂದ್ಲು.

ಹತ್ತೂವರೆಗೆ ಸರಿಯಾಗಿ ಕೆಳಗಿಂದ ಶಿಳ್ಳೆ ಕೇಳ್ತು. ಬರುವಾಗ ಭರತಿ ಹಿಂದಿನಿಂದ ತಳ್ತಾ ಇತ್ತು, ಅಳಿವೆ ಯಾವಾಗ ದಾಟಿದ್ವಿ ಅಂತಲೇ ಮಕ್ಕಳಿಗೆ ಗೊತ್ತಾಗ್ಲಿಲ್ಲ. ಕೋಡಿಬಾಗ ಮುಟ್ಟುವಾಗ ಹನ್ನೊಂದೂಕಾಲು, ಆಗಷ್ಟೇ ಪಶ್ಚಿಮದ ಗಾಳಿ ಶುರುವಾಗಿ ದಂಡೆ ತೆಂಗಿನ ಗರಿ ಸದ್ದು ಮಾಡ್ತಿತ್ತು. ಐದು ಸಾವಿರದ ಮೇಲೆ ಐನೂರು ಕೊಡೋಕೆ ಹೋದೆ, ತಾಂಡೇಲರು ತಗೊಳ್ಳಲಿಲ್ಲ, ಆಯಿ ಉಳಿದ ಒಂದು ಚಿಪ್ಪು ಬಾಳೆಹಣ್ಣು ಕೊಟ್ಲು, ಅದನ್ನ ತಗೊಂಡ್ರು.

ಆ ಮೊದಲಿನ ಎರಡು ಸಾವಿರ ಇನ್ನೂ ವಾಪಸ್ ಬಂದಿಲ್ಲ. ನಾನು ಕೇಳೋದು ಬಿಟ್ಟಿಲ್ಲ, ಪ್ರತಿ ಸಲ ಫೋನ್ ಮಾಡಿದಾಗಲೂ ದುಡ್ಡಿನ ಮೊದಲು ಮಕ್ಕಳ ಜಾಕೆಟ್ ತಂದ್ರಾ ಅಂತ ಕೇಳ್ತೇನೆ. ಹೋದ ವಾರ, ಆರು ತಂದಿದ್ದೇವೆ ಅಂದ್ರು. ಮುಂದಿನ ಸಲ ಕಾರವಾರಕ್ಕೆ ಹೋದಾಗ ಕೋಡಿಬಾಗದಲ್ಲಿ ಇಳಿದು ನೋಡ್ಕೊಂಡು ಬರೋದಿದೆ.