ಸೂಜಿ ಚುಚ್ಚಿದ ಮೇಲಿನ ಗುಳಿಗಿ

ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್. ಬೇಸಿಗೆಯ ಒಂದು ನೈಟ್ ಡ್ಯೂಟಿಯಲ್ಲಿ ಟ್ರೇ ಎತ್ತುವಾಗ, ಹತ್ತಿ ಕೆಳಗೆ ಯಾರೋ ಬಿಟ್ಟಿದ್ದ ಸೂಜಿ ಗ್ಲೌಸ್ ದಾಟಿ ಬೆರಳಿಗೆ ಚುಚ್ಚಿತು. ಗಾಯ ಹಿಂಡಲಿಲ್ಲ, ಸೋಪು ಹಚ್ಚಿ ನಲ್ಲಿ ನೀರಲ್ಲಿ ತೊಳೆದೆ. ಸೂಜಿ ಯಾವ ಪೇಷಂಟ್‌ದು ಅಂತ ಗೊತ್ತಾಗಲಿಲ್ಲ. ಎಚ್‌ಐವಿ ಇರುವವರ ಸೂಜಿ ಚುಚ್ಚಿದರೂ ಸೋಂಕು ತಗಲುವುದು ಸಾವಿರಕ್ಕೆ ಸುಮಾರು 3 ಮಂದಿಗೆ. ಆದರೂ ಸೋಂಕು ತಡೆಯುವ ಪಿಇಪಿ ಮಾತ್ರೆ 72 ಗಂಟೆಯೊಳಗೆ ಶುರುವಾಗಲೇಬೇಕು, ಬೇಗ ಆದಷ್ಟೂ ಒಳ್ಳೇದು. ಬೆಳಗಾಗುವುದರೊಳಗೆ ಮೊದಲ ಮಾತ್ರೆ ನುಂಗಿದ್ದೆ.

ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಒಂದೇ ಮಾತ್ರೆಯಲ್ಲಿ. ದಿನಕ್ಕೊಂದು, 28 ದಿನ. ರಾತ್ರಿ ಊಟವಾದ ಮೇಲೆ ತಗೊಳ್ತಿದ್ದೆ. ಮೊದಮೊದಲು ಬೆಳ್ಳುಳ್ಳಿ ಒಗ್ಗರಣೆ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಬಿಸಿ ರೊಟ್ಟಿ ಮುರಿದು ಪುಂಡಿಪಲ್ಯಕ್ಕೆ ಅದ್ದಿದರೆ ಕೈ ಅಲ್ಲೇ ನಿಂತುಬಿಡುತ್ತಿತ್ತು. "ಯಾಕವ್ವಾ, ರೊಟ್ಟಿ ಹಂಗೇ ಬಿಟ್ಟೀಯಲ್ಲ?" ಅಂತ ಅವ್ವ ಕೇಳಿದರೆ, ಬಿಸಿಲಿಗೆ ಹಸಿವಿಲ್ಲ ಅಂತಿದ್ದೆ. ರಾತ್ರಿ ನಿದ್ದೆ ಹತ್ತಿದರೆ ಕನಸು. ಅದೆಷ್ಟು ನಿಚ್ಚಳ ಅಂದ್ರೆ, ವಾರ್ಡಿನ ಬೆಡ್ ನಂಬರ್ ಕೂಡ ಕಾಣುತ್ತಿತ್ತು. ಎದ್ದರೆ ತಲೆನೋವು, ಸುಸ್ತು. ಈ ಸುಸ್ತು ಮಾತ್ರೆಯದಾ, ರೋಗದ್ದಾ? ಆ ಯೋಚನೆಯೇ ವಾಕರಿಕೆಗಿಂತ ಜಾಸ್ತಿ ಕಾಡಿತು.

ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಸೆಂಟರಿನ ಕೌನ್ಸೆಲರ್ ಅಕ್ಕ ಎಲ್ಲಾ ಕೇಳಿಸಿಕೊಂಡರು. "ಇದು ಗುಳಿಗೀದೇ ತ್ರಾಸು, ಸಿಸ್ಟರ್. ನಿದ್ದಿ ಕೆಡ್ತದಂದ್ರ ಮುಂಜಾನಿ ನಾಷ್ಟಾ ಆದಮ್ಯಾಲೆ ತಗೋರಿ. ನಡುವ ಬಿಡಬ್ಯಾಡ್ರಿ. ಬ್ಯಾರೆ ಗುಳಿಗಿ ಏನರೆ ತಗೋತೀರೇನ್ರಿ?" ಈ ಕೊನೇ ಪ್ರಶ್ನೆ ಬಹಳ ಮುಖ್ಯ. ಹೊಟ್ಟೆ ತೊಳಸಿದರೆ ನಮ್ಮ ಜನ ಮೊದಲು ಕುಡಿಯೋದು ಆಂಟಾಸಿಡ್ ಸಿರಪ್ ಅಲ್ವಾ? ಅದರಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಡೊಲುಟೆಗ್ರಾವಿರನ್ನು ಮೈಗೆ ಹತ್ತಗೊಡುವುದಿಲ್ಲ. ಮಾತ್ರೆ ನುಂಗಿ 2 ಗಂಟೆ ಆದ ಮೇಲೇ ಸಿರಪ್ ಕುಡಿಯಬೇಕು. ಮೊದಲೇ ಕುಡಿದಿದ್ದರೆ ಮಾತ್ರೆಗೆ 6 ಗಂಟೆ ಕಾಯಬೇಕು. ಖಾಲಿ ಹೊಟ್ಟೆಯಲ್ಲಿ ತಗೊಳ್ಳುವ ಐರನ್, ಕ್ಯಾಲ್ಸಿಯಂ ಮಾತ್ರೆಗಳಿಗೂ ಇದೇ ಲೆಕ್ಕ. ಚೀಟಿ ಕೈಗಿಟ್ಟು ಸುಮ್ನೆ ಕಳಿಸಬಾರದು, ಇದನ್ನೆಲ್ಲ ಕೂರಿಸಿ ಹೇಳಲೇಬೇಕು.

ಬೆಳಗ್ಗೆ ತಗೊಳ್ಳಲು ಶುರು ಮಾಡಿದ ಮೇಲೆ ನಿದ್ದೆ ಬಂತು. ವಾಕರಿಕೆಯೂ ಮೆಲ್ಲಗೆ ಇಳಿಯಿತು. ಸುಸ್ತು ಮಾತ್ರ ಕೊನೇ ಮಾತ್ರೆಯವರೆಗೂ ಇತ್ತು.

6 ವಾರಕ್ಕೆ, 3 ತಿಂಗಳಿಗೆ ಮಾಡಿಸಿದ ಟೆಸ್ಟ್ ಎರಡೂ ನೆಗೆಟಿವ್. ಆಮೇಲೆ ಅವ್ವನಿಗೆ ಎಲ್ಲಾ ಹೇಳಿದೆ. ವಾರ್ಡಿಗೆ ಹೊಸದಾಗಿ ಬರುವ ಹುಡುಗಿಯರಿಗೆ ಈಗ ಮೊದಲ ದಿನವೇ ಸೂಜಿ ಹಾಕುವ ಬಿಳಿ ಡಬ್ಬ ತೋರಿಸುತ್ತೇನೆ. ಚುಚ್ಚಿದರೆ ರಾತ್ರಿಯೇ ಯಾರನ್ನು ಎಬ್ಬಿಸಬೇಕು, ಸಿರಪ್ ಯಾವಾಗ ಕುಡಿಯಬಾರದು ಅನ್ನೋದನ್ನೂ ಹೇಳುತ್ತೇನೆ.