ಪ್ಲೇ ಇದೆ ಅಂತ ಸ್ಕ್ರೂ ಟೈಟ್ ಮಾಡಬೇಡಿ

"ಮೇಸ್ತ್ರಿ, ತಿರುವಲ್ಲಿ ಸ್ಟೇರಿಂಗ್ ವಾಪಸ್ ಬರ್ತಿಲ್ಲ. ನಾನೇ ಎಳ್ಕೊಂಡು ಸೀದಾ ಮಾಡ್ಬೇಕು" ಎಂದ ಡ್ರೈವರ್. ಮಂಗಳೂರಿಂದ ಲೋಡ್ ತಂದು, ಹಾಸನದಲ್ಲಿ ಖಾಲಿ ಮಾಡಿ, ಸೀದಾ ನಮ್ಮ ಗ್ಯಾರೇಜಿಗೆ ಬಂದಿದ್ದ. ಹಳೆಯ ಆರು ಚಕ್ರದ ಲಾರಿ. ಆ ಸ್ಟೇರಿಂಗ್‌ನಲ್ಲೇ ಶಿರಾಡಿ ಘಾಟಿ ಹತ್ತಿಸಿದ್ದಾನೆ ಅಂತ ಕೇಳಿ ನನಗೆ ಮೈ ಜುಮ್ಮೆಂದಿತು.

ಸ್ಟೇರಿಂಗಿನ ಗೇರ್ ಇರುವ ಬಾಕ್ಸಿನಿಂದ ಚಕ್ರದ ಕಡೆಗೆ ತಿರುವು ದಾಟಿಸುವ ಡ್ರಾಪ್ ಆರ್ಮ್ ಹತ್ತಿರ ಎಣ್ಣೆ ಜಿನುಗುತ್ತಿತ್ತು. ಜಾಬ್ ಕಾರ್ಡ್‌ನಲ್ಲಿ ಇದ್ದದ್ದು ಅಷ್ಟೇ: "ಸ್ಟೇರಿಂಗ್ ಬಾಕ್ಸ್ ಲೀಕ್." ಸೂಪರ್‌ವೈಸರ್ "ಸೀಲ್ ಕಿಟ್ ಹಾಕಿ ಕಳ್ಸಿ, ರಾತ್ರಿ ಲೋಡಿಂಗ್ ಇದೆಯಂತೆ" ಎಂದರು. ಮೊದಲು ಟ್ರಯಲ್ ನೋಡ್ತೀನಿ ಸರ್ ಎಂದೆ.

ಬೈಪಾಸ್‌ನ ಎಡ ತಿರುವಲ್ಲಿ ನಿಧಾನಕ್ಕೆ ತಿರುಗಿಸಿ ಕೈ ಸಡಿಲ ಬಿಟ್ಟೆ. ಸ್ಟೇರಿಂಗ್ ಇದ್ದಲ್ಲೇ ನಿಂತಿತು. ಮುಂದಿನ ಚಕ್ರ ರಸ್ತೆ ಅಂಚಿನ ಮಣ್ಣಿಗೆ ಇಳಿಯಿತು. ಎರಡೂ ಕೈಯಲ್ಲಿ ಬಲಕ್ಕೆ ಎಳೆದೆ. ಬಿಗಿ. ಆಮೇಲೆ ಒಮ್ಮೆಲೇ ಬಿಟ್ಟುಕೊಂಡು ಗಾಡಿ ರಸ್ತೆ ಮಧ್ಯಕ್ಕೆ ನುಗ್ಗಿತು. ಎದುರಿಂದ ಬಸ್ ಬರುತ್ತಿತ್ತು. ಬ್ರೇಕ್ ಹಿಡಿದು ನಿಲ್ಲಿಸಿದೆ. ಬಸ್ಸು ಹಾರ್ನ್ ಹೊಡೆಯುತ್ತಾ ಪಕ್ಕದಲ್ಲೇ ಹೋಯಿತು. ಡ್ರೈವರ್ ಆಮೇಲೆ ಬಾಯಿಬಿಟ್ಟ. ಪ್ಲೇ, ಅಂದರೆ ಚಕ್ರ ತಿರುಗದೆ ಸ್ಟೇರಿಂಗ್ ಬರೀ ಆಡುವ ಸಡಿಲ, ಜಾಸ್ತಿ ಇದೆ ಅಂತ ದಾರಿಯಲ್ಲಿ ಯಾರೋ ಬಾಕ್ಸ್ ಮೇಲಿನ ಅಡ್ಜಸ್ಟಿಂಗ್ ಸ್ಕ್ರೂ ಟೈಟ್ ಮಾಡಿ ಕೊಟ್ಟಿದ್ದರಂತೆ.

ಗ್ಯಾರೇಜಿಗೆ ಬಂದು ಡ್ರಾಪ್ ಆರ್ಮ್ ಬಿಚ್ಚಿಸಿದೆ. ಹೆಲ್ಪರ್ ಹುಡುಗ ಸುತ್ತಿಗೆ ಎತ್ತಿದ, ತಡೆದು, ಆರ್ಮ್ ಎಳೆದು ತೆಗೆಯುವ ಪುಲ್ಲರ್ ತರಿಸಿದೆ. ಆ ಏಟೆಲ್ಲ ಒಳಗಿನ ಶಾಫ್ಟಿಗೂ ಬೇರಿಂಗಿಗೂ ಹೋಗುತ್ತದೆ, ಅಲ್ವಾ. ಆರ್ಮ್ ಇಲ್ಲದೆ ಬರೀ ಸ್ಟೇರಿಂಗ್ ತಿರುಗಿಸಿ ನೋಡಿದರೆ ನಡುವಲ್ಲಿ ಹಗುರ, ಎರಡೂ ಕಡೆ ಬಿಗಿ.

ಲಾರಿ ಓಡುವುದು ಹೆಚ್ಚಾಗಿ ಸೀದಾ ರಸ್ತೆಯಲ್ಲಿ. ಹಾಗಾಗಿ ಬಾಕ್ಸಿನೊಳಗೆ ಡ್ರಾಪ್ ಆರ್ಮ್ ತಿರುಗಿಸುವ ಸೆಕ್ಟರ್ ಶಾಫ್ಟಿನ ನಡುವಿನ ಹಲ್ಲೇ ಮೊದಲು ಸವೆಯುತ್ತದೆ. ಪಕ್ಕದವು ಹೊಸದರ ಹಾಗೇ ಇರುತ್ತವೆ. ನಡುವಿನ ಸಡಿಲ ಹೋಗಲಿ ಅಂತ ಸ್ಕ್ರೂ ಬಿಗಿದರೆ, ತಿರುಗಿಸಿದಾಗ ಸವೆಯದ ಹಲ್ಲು ಸಿಕ್ಕಿಕೊಳ್ಳುತ್ತದೆ. ಚಕ್ರ ತಾನಾಗಿ ಸೀದಾ ಆಗಲು ನೋಡುತ್ತದೆ, ಬಾಕ್ಸ್ ಬಿಡುವುದಿಲ್ಲ. ಘಾಟಿಯ ತಿರುವಲ್ಲಿ ಹೀಗಾದರೆ ಏನು ಗತಿ?

ಇನ್ನೊಂದು ಸಿಟ್ಟು ಬಂದ ವಿಷಯ: ಪ್ಲೇನಲ್ಲಿ ಅರ್ಧ ಬಾಕ್ಸಿನದ್ದೇ ಅಲ್ಲ. ಹುಡುಗನಿಗೆ ಸ್ಟೇರಿಂಗ್ ಅಲುಗಿಸಲು ಹೇಳಿ ಕೆಳಗೆ ಕೂತು ಕೈಯಿಟ್ಟು ನೋಡಿದ್ದೆ. ಸ್ಟೇರಿಂಗ್ ಕಾಲಂ ಕೆಳಗಿನ ಕೀಲು, ಅಂದರೆ ಕ್ರಾಸ್, ಟಕಟಕ ಅನ್ನುತ್ತಿತ್ತು. ಡ್ರಾಪ್ ಆರ್ಮನ್ನು ಚಕ್ರದ ಕಡೆಗೆ ಜೋಡಿಸುವ ಡ್ರ್ಯಾಗ್ ಲಿಂಕ್‌ನ ಎಂಡ್ ಕೂಡ ಲೂಸ್. ಇದನ್ನು ನೋಡಲು ಸ್ಪ್ಯಾನರ್ ಕೂಡ ಬೇಡ.

ಬಾಕ್ಸ್ ಬಿಚ್ಚಿದಾಗ ಎಣ್ಣೆ ಕಪ್ಪಗಿತ್ತು, ಬೆಳಕಿಗೆ ಹಿಡಿದರೆ ಸಣ್ಣ ಪುಡಿ ಮಿನುಗುತ್ತಿತ್ತು. ಶಾಫ್ಟಿನ ಮೇಲೆ ಸೀಲ್ ಕೂರುವ ಜಾಗದಲ್ಲಿ ಸುತ್ತಲೂ ಗೆರೆ. ಉಗುರು ಆಡಿಸಿದರೆ ತಡೆಯುತ್ತಿತ್ತು. ಅದರ ಮೇಲೆ ಎಂಥ ಹೊಸ ಸೀಲ್ ಹಾಕಿದರೂ ಮತ್ತೆ ಲೀಕೇ. ಬೇರಿಂಗೂ ಸವೆದಿತ್ತು, ಶಾಫ್ಟ್ ಅಲ್ಲಾಡುತ್ತಿತ್ತು. ಓನರಿಗೆ ಫೋನ್ ಮಾಡಿದರೆ "ಸೀಲ್ ಹಾಕಿ ಸಾಕು" ಎಂದರು. ಶಾಫ್ಟಿನ ಫೋಟೋ ಕಳಿಸಿದೆ, ಟ್ರಯಲ್‌ನಲ್ಲಿ ಆದದ್ದನ್ನೂ ಹೇಳಿದೆ. ಒಪ್ಪಿಕೊಂಡರು.

ಶಾಫ್ಟ್, ಬೇರಿಂಗ್, ಕಿಟ್, ಕ್ರಾಸ್, ಲಿಂಕ್ ಎಂಡ್ ಎಲ್ಲ ಹೊಸದು ಹಾಕಿದೆವು. ಪೈಪ್ ತೊಳೆದು ಸ್ಟೇರಿಂಗ್ ಎಣ್ಣೆ ಟ್ಯಾಂಕಿನ ಫಿಲ್ಟರ್ ಬದಲಿಸಿದೆವು. ಇಲ್ಲದಿದ್ದರೆ ಅದೇ ಪುಡಿ ಹೊಸ ಸೀಲಿಗೂ ಹೋಗುತ್ತದೆ. ಸ್ಕ್ರೂ ಸೆಟ್ ಮಾಡಿದ್ದು ಕೊನೆಗೆ: ಆರ್ಮ್ ಜೋಡಿಸುವ ಮುಂಚೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಸುತ್ತು ಎಣಿಸಿ, ಸರಿಯಾಗಿ ನಡುವಿಗೆ ತಂದು. ಅದಕ್ಕೆ ಬೇಕಾದ, ಬಿಗಿ ಅಳೆಯುವ ಗೇಜ್ ಸ್ಟೋರ್ ಬೀರುವಿನಲ್ಲಿತ್ತು, ಕೀ ಇಟ್ಟುಕೊಂಡವರು ರಜೆ. ಅವರ ಮನೆಯಿಂದ ಕೀ ತರಿಸಿದೆ. ಇಂಥ ಕೆಲಸವನ್ನು ಕೈ ಅಂದಾಜಿನಲ್ಲಿ ಮಾಡಿ ಅನ್ನುವುದು ತಪ್ಪು.

ಸ್ಟೇರಿಂಗ್ ಎಣ್ಣೆಯೊಳಗಿನ ಏರ್ ತೆಗೆಯುವಾಗಲೂ ಅವಸರ ಮಾಡಲಿಲ್ಲ. ಮುಂದಿನ ಆಕ್ಸಲ್ ಎತ್ತಿ, ಇಂಜಿನ್ ಆಫ್‌ನಲ್ಲೇ ಎರಡೂ ಕಡೆ ನಿಧಾನಕ್ಕೆ ತಿರುಗಿಸುತ್ತಾ ಎಣ್ಣೆ ಹಾಕಿದೆವು. ಆಮೇಲೆ ಸ್ಟಾರ್ಟ್. ನೊರೆ ನಿಲ್ಲುವ ತನಕ ಕಾದೆವು. ಸ್ಟೇರಿಂಗ್ ತುದಿಯವರೆಗೆ ತಿರುಗಿಸಿ ಫುಲ್ ಲಾಕ್‌ನಲ್ಲಿ 5 ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಡ ಅಂತ ಹುಡುಗನಿಗೆ ಹೇಳಿದೆ, ಎಣ್ಣೆ ಕಾದು ಪಂಪ್ ಹಾಳಾಗುತ್ತದೆ.

ಲಾರಿ ಹೊರಟಿದ್ದು ಮಾರನೇ ದಿನ. ರಾತ್ರಿ ಲೋಡಿಂಗ್ ತಪ್ಪಿತು, ಸೂಪರ್‌ವೈಸರ್ ಮುಖ ಊದಿಸಿಕೊಂಡಿದ್ದರು. ಜಾಬ್ ಕಾರ್ಡ್‌ನಲ್ಲಿ "ಬಿಚ್ಚುವ ಮುಂಚೆ ಟ್ರಯಲ್" ಅಂತ ಒಂದು ಸಾಲು ಸೇರಿಸಿ ಎಂದು ಕೇಳಿದ್ದೇನೆ. ಇನ್ನೂ ಸೇರಿಸಿಲ್ಲ. ಸದ್ಯಕ್ಕೆ ನಾನೇ ಪೆನ್ನಲ್ಲಿ ಬರೆಯುತ್ತಿದ್ದೇನೆ.