ಪುಸ್ತಕದಲ್ಲಿ ಇದ್ದ ಹಾಗೇ ತೆಗೆಯೋಕೆ ಇವರಿಗೇನು ಧಾಡಿ?

ಪ್ರಶ್ನೆ ಒಂದೇ, ವೇಷ ಎರಡು. ಪುಸ್ತಕ ಓದಿದವರು “ಇದ್ದ ಹಾಗೇ ತೆಗೆಯೋಕೆ ಇವರಿಗೇನು ಧಾಡಿ?” ಅನ್ನುತ್ತಾರೆ. ಓದದವರು “ಚೆನ್ನಾಗೇ ಇದೆಯಲ್ಲ, ಓದಿದವರು ಯಾಕೆ ಹೀಗೆ ಗೋಳಾಡ್ತಾರೆ?” ಅನ್ನುತ್ತಾರೆ. ಮಾತು ಹೆಚ್ಚಾಗಿ ‘ದಿ ವ್ಹೀಲ್ ಆಫ್ ಟೈಮ್’ ಬಗ್ಗೆ. ಅದೇ ಹೆಸರಿನ ಮಾಂತ್ರಿಕ ಲೋಕದ ಕಾದಂಬರಿ ಮಾಲೆಯನ್ನು ಪರದೆಗೆ ತಂದದ್ದು. 2021ರ ನವೆಂಬರ್‌ನಲ್ಲಿ ಅಮೆಜಾನ್ ಪ್ರೈಮ್‌ನಲ್ಲಿ ಶುರುವಾಗಿ, ಮೂರು ಸೀಸನ್ ಓಡಿ, 2025ರ ಮೇ ತಿಂಗಳಲ್ಲಿ ರದ್ದಾದ ಸರಣಿ ಅದು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಯಾರೇ ಕೇಳಿದರೂ ಇದನ್ನೇ ಕಳಿಸುವುದು. ಕಥೆಯ ಗುಟ್ಟುಗಳೆಲ್ಲ ಬಯಲಾಗುತ್ತವೆ. ಬೇಡದವರು ಇಲ್ಲೇ ಇಳಿದುಕೊಳ್ಳಿ.

‘ಇದ್ದ ಹಾಗೇ’ ಎನ್ನುವವರು ಯಾರೂ ಗಡಿಯಾರ ನೋಡಿಕೊಂಡು ಹೇಳುವುದಿಲ್ಲ. ರಾಬರ್ಟ್ ಜೋರ್ಡನ್ 1990ರಲ್ಲಿ ಹೊರತಂದ ಮೊದಲ ಸಂಪುಟ ಸುಮಾರು 3 ಲಕ್ಷ ಪದಗಳದ್ದು. ಅದರ ಆಡಿಯೋ ಪುಸ್ತಕ ಕೇಳಿ ಮುಗಿಸಲು ಹತ್ತಿರ ಹತ್ತಿರ 30 ಗಂಟೆ ಬೇಕು. ಮೊದಲ ಸೀಸನ್ 8 ಕಂತು, ಒಂದೊಂದು ಸುಮಾರು ಒಂದು ಗಂಟೆ. ಚಿತ್ರಕಥೆ ಬರೆಯುವವರ ರೂಢಿಯ ಲೆಕ್ಕ ಪುಟಕ್ಕೆ ಒಂದು ನಿಮಿಷ. ಹಾಗಾಗಿ ಕೈಗೆ ಸಿಗುವುದು 480 ಪುಟ. ಅದೂ ಎರಡೂ ಕಡೆ ಅಂಚು ಬಿಟ್ಟು, ಮಾತುಗಳನ್ನು ಪುಟದ ನಡುವೆ ಕೂರಿಸಿದ ಪುಟ. ಒಂದರಲ್ಲಿ 200 ಪದ ಹಿಡಿಸಿದರೆ ಹೆಚ್ಚು. 3 ಲಕ್ಷ ಪದವನ್ನು 1 ಲಕ್ಷದೊಳಗೆ ತುರುಕಬೇಕು.

“ವರ್ಣನೆಯೆಲ್ಲ ಚಿತ್ರದಲ್ಲೇ ಬಂದುಬಿಡುತ್ತಲ್ಲ” ಅನ್ನುತ್ತೀರಿ. ನಿಜ, ಅದು ಬಿಟ್ಟಿ. ಬೆಟ್ಟ, ಬಟ್ಟೆ, ಕತ್ತಿಯ ಹಿಡಿ, ಇದಕ್ಕೆಲ್ಲ ಪುಸ್ತಕ ಖರ್ಚು ಮಾಡಿದ ಪುಟ ಪರದೆಯ ಮೇಲೆ ಎರಡು ಸೆಕೆಂಡು. ಬಿಟ್ಟಿ ಸಿಗದಿರುವುದು ಮನಸ್ಸಿನೊಳಗಿನ ಮಾತು, ಅದಕ್ಕೆ ಆಮೇಲೆ ಬರುತ್ತೇನೆ.

ಸರಿ, ಸೀಸನ್ನಿಗೆ ಒಂದು ಪುಸ್ತಕ ಅಂತಲೇ ಇಟ್ಟುಕೊಳ್ಳೋಣ. ಸಂಪುಟ 14. ಈ ಸರಣಿಯಲ್ಲಿ ಎರಡು ಸೀಸನ್ನುಗಳ ನಡುವಿನ ಅಂತರ ಒಂದೂವರೆಯಿಂದ ಎರಡು ವರ್ಷ: 2021ರ ನವೆಂಬರ್, 2023ರ ಸೆಪ್ಟೆಂಬರ್, 2025ರ ಮಾರ್ಚ್. ಇದೇ ನಡಿಗೆಯಲ್ಲಿ ಹೋದರೆ ಕೊನೆ ಮುಟ್ಟಲು 20 ವರ್ಷ ದಾಟುತ್ತದೆ. ಪುಸ್ತಕದ ಕಥೆಯಲ್ಲಿ ಮೊದಲಿಂದ ಕೊನೆಯವರೆಗೆ ಕಳೆಯುವುದು ಎರಡು ಮೂರು ವರ್ಷ. ಇಪ್ಪತ್ತರ ಹುಡುಗನಾಗಿ ಊರು ಬಿಟ್ಟ ಕಥಾನಾಯಕ ರ‍್ಯಾಂಡ್ ಕೊನೆಯ ಯುದ್ಧಕ್ಕೆ ಹೊಟ್ಟೆ ಬಿಟ್ಟುಕೊಂಡು ಬರುತ್ತಿದ್ದ. ‘ಇದ್ದ ಹಾಗೇ’ ಬೇಕೆನ್ನುವವರು ಆಗ ಅದಕ್ಕೂ ಗೊಣಗುತ್ತಿದ್ದಿರಿ.

ಮೊದಲ ಸಂಪುಟ ಅಲೆದಾಟದ ಕಥೆ. ನಾಲ್ಕು ಅಧ್ಯಾಯಕ್ಕೊಂದು ಊರು, ಊರಿಗೊಂದು ಛತ್ರ. ಓದಲು ಚೆಂದ, ಶೂಟಿಂಗ್‌ಗೆ ಶಾಪ. ಒಂದು ಸಲ ತೋರಿಸಿ ಬಿಡುವ ಊರಿಗೂ ಸೆಟ್ ಹಾಕಬೇಕು. ಹಾಗಾಗಿ ಬೇರ್ಲನ್ ಎಂಬ ಊರು ಹೋಯಿತು. ಕ್ಯಾಮ್ಲಿನ್ ರಾಜಧಾನಿಯೂ ಮೊದಲ ಸೀಸನ್ನಿಂದ ಹೋಯಿತು, ಅದರ ಜೊತೆ ರಾಜಕುಮಾರಿ ಎಲೇನ್ ಎರಡನೇ ಸೀಸನ್ನಿಗೆ ಜಾರಿದಳು. ಬದಲಿಗೆ ಮೊದಲ ಸಂಪುಟದಲ್ಲಿ ಯಾರೂ ಕಾಲಿಡದ, ಮಂತ್ರಶಕ್ತಿಯ ಹೆಂಗಸರ ನಗರ ಟಾರ್ ವ್ಯಾಲನ್ ಬಂತು. ಓದಿದವರಿಗೆ ಉರಿದದ್ದು ಇದಕ್ಕೆ. ಆದರೆ ಟಾರ್ ವ್ಯಾಲನ್ ಮುಂದಿನ ಪ್ರತಿ ಸೀಸನ್ನಿಗೂ ಬೇಕಾದ ಊರು, ಹಾಕಿದ ಸೆಟ್ ಮತ್ತೆ ಮತ್ತೆ ದುಡಿಯುತ್ತದೆ. ಕ್ಯಾಮ್ಲಿನ್ ಅರಮನೆಯಲ್ಲಿ ಒಂದೇ ಗುಕ್ಕಿಗೆ ಪರಿಚಯವಾಗುವ ರಾಣಿ, ಮಗಳು, ಮಗ, ಮಲಮಗ, ಸಲಹೆಗಾರ್ತಿ, ಅಷ್ಟೂ ಜನ ಆಮೇಲೆ ಬಹಳ ಹೊತ್ತು ಮರೆಯಾಗುತ್ತಾರೆ. ಒಂದು ದೃಶ್ಯಕ್ಕೆ ಐವರು ನಟರನ್ನು ಹಿಡಿದು, ಎರಡು ವರ್ಷ ಕಾಯಿಸಿ, ಮತ್ತೆ ಕರೆದಾಗ ಅವರು ಬೇರೆಲ್ಲೋ ಬಣ್ಣ ಹಚ್ಚಿಕೊಂಡಿರುತ್ತಾರೆ. ಈ ಬದಲಾವಣೆಯ ಬಗ್ಗೆ ನನ್ನದು ತಕರಾರಿಲ್ಲ. ತಕರಾರಿರುವವರು ಸೆಟ್ಟಿನ ಖರ್ಚು ಹೊತ್ತುಕೊಳ್ಳಲಿ.

ಪೆರಿನ್ ವಿಷಯ ಹಾಗಲ್ಲ.

ಪುಸ್ತಕದ ಪೆರಿನ್ ಕಮ್ಮಾರನ ಕೈಕೆಳಗೆ ಕೆಲಸ ಕಲಿಯುವ ದೈತ್ಯ ಮೈಕಟ್ಟಿನ ಹುಡುಗ. ತನ್ನ ಬಲದಿಂದ ಯಾರಿಗಾದರೂ ಪೆಟ್ಟಾದೀತು ಎಂದು ಸದಾ ಹೆದರಿ, ಪ್ರತಿಯೊಂದನ್ನೂ ನಿಧಾನವಾಗಿ ಮಾಡುವವನು. ಕೊಡಲಿ ಹಿಡಿಯಲೋ ಸುತ್ತಿಗೆ ಹಿಡಿಯಲೋ ಎನ್ನುವ ಜಗಳ ಅವನೊಳಗೆ ಸಂಪುಟಗಟ್ಟಲೆ ನಡೆಯುತ್ತದೆ. ಆ ಜಗಳ ನಡೆಯುವುದು ತಲೆಯೊಳಗೆ. ಕ್ಯಾಮರಾ ತಲೆಯೊಳಗೆ ಹೋಗುವುದಿಲ್ಲ. ಯೋಚಿಸುವ ಪಾತ್ರವನ್ನು ‘ಇದ್ದ ಹಾಗೇ’ ತೆಗೆದರೆ ಸುಮ್ಮನೆ ನಿಂತ ಒಬ್ಬ ದಡೂತಿ ಹುಡುಗ ಕಾಣುತ್ತಾನೆ, ಅಷ್ಟೇ. ಇದಕ್ಕೆ ದಾರಿ ಕೆಲವೇ: ಹಿನ್ನೆಲೆ ದನಿ ಹಾಕುವುದು, ಮನಸ್ಸಿನ ಮಾತು ಹಂಚಿಕೊಳ್ಳಲು ಒಬ್ಬ ಗೆಳೆಯನನ್ನು ಪಕ್ಕದಲ್ಲಿ ಕೂರಿಸುವುದು, ಇಲ್ಲವೇ ಒಳಗಿನದನ್ನು ಹೊರಗಿನ ಘಟನೆ ಮಾಡುವುದು. ಮೂರನೆಯದನ್ನು ಆರಿಸಿದರು. ಪುಸ್ತಕದಲ್ಲಿ ಇಲ್ಲದ ಹೆಂಡತಿಯೊಬ್ಬಳನ್ನು, ಲೈಲಾ, ಅವನಿಗೆ ಕೊಟ್ಟು, ಮೊದಲ ಕಂತಿನ ಕಾಳಗದ ಗದ್ದಲದಲ್ಲಿ ಅವನ ಕೊಡಲಿಯೇ ಅವಳ ಹೊಟ್ಟೆಗೆ ಬೀಳುವಂತೆ ಮಾಡಿದರು.

ಆರಿಸಿದ ದಾರಿ ತಪ್ಪಲ್ಲ, ತೂಕ ತಪ್ಪಿತು. ಮೂಗಿಗಿಂತ ಮೂಗುತಿ ಭಾರ. ಹೆಂಡತಿಯನ್ನು ಕೈಯಾರೆ ಕೊಂದವನಿಗೆ ಅಳಲು, ಕುಸಿಯಲು, ಯಾರ ಬಳಿಯಾದರೂ ಹೇಳಿಕೊಳ್ಳಲು ಹೊತ್ತು ಬೇಕು. ರ‍್ಯಾಂಡ್, ಪೆರಿನ್, ಮ್ಯಾಟ್, ಎಗ್ವೇನ್, ನೈನೀವ್ ಎಂಬ ಐದು ಜನ ಎಳೆಯರ ಕಥೆಯನ್ನು 8 ಗಂಟೆಯಲ್ಲಿ ಓಡಿಸುವಾಗ ಆ ಹೊತ್ತು ಎಲ್ಲಿಂದ ಬರಬೇಕು? ಪೆರಿನ್ ಕಂತುಗಟ್ಟಲೆ ಮುಖ ಗಂಟಿಕ್ಕಿಕೊಂಡು ನಡೆದ. ಓದಿದವರು “ಇವಳು ಯಾರು, ಎಲ್ಲಿಂದ ಬಂದಳು?” ಎಂದು ಸಿಟ್ಟಾದರು. ಓದದವರು “ಅವಳು ಯಾರೆಂದು ಗೊತ್ತಾಗುವಷ್ಟರಲ್ಲೇ ಸತ್ತಳಲ್ಲ, ಇವನಿಗೆ ಮಾತೇ ಬರುವುದಿಲ್ಲವೇ?” ಎಂದರು. ಒಂದೇ ದೃಶ್ಯ, ಎರಡು ಬಣದವರಿಗೂ ಬೇಸರ, ಕಾರಣ ಮಾತ್ರ ಬೇರೆ ಬೇರೆ. ಓದಿದವರ ಗೋಳು, ಓದದವರ ಗೊಂದಲ ಎರಡೂ ಒಂದೇ ಹುಣ್ಣಿನವು ಎಂದು ನಾನು ಹೇಳುವುದು ಇದಕ್ಕೇ.

ಇನ್ನು ಮ್ಯಾಟ್. “ಅವನನ್ನು ಯಾಕೆ ಪುಕ್ಕಲನನ್ನಾಗಿ ಮಾಡಿದರು?” ಎಂದು ಕೇಳುವವರಿಗೆ ಲೆಕ್ಕವಿಲ್ಲ. ಯಾರೂ ಮಾಡಲಿಲ್ಲ ಮಾರಾಯರೇ. ಆರು ಕಂತು ಆದ ಮೇಲೆ ನಟ ಬಾರ್ನಿ ಹ್ಯಾರಿಸ್ ಸರಣಿ ಬಿಟ್ಟರು. ಎರಡನೇ ಸೀಸನ್ನಿನಿಂದ ಆ ಪಾತ್ರಕ್ಕೆ ಡೋನಲ್ ಫಿನ್ ಬಂದರು. ನಡುವಿನ ಎರಡು ಕಂತಿಗೆ ಮ್ಯಾಟ್ ಆಗಲು ನಟನೇ ಇರಲಿಲ್ಲ. ಅದಕ್ಕೇ ಆರನೇ ಕಂತಿನ ಕೊನೆಗೆ ಎಲ್ಲರೂ ಮಾಯಾದ್ವಾರದೊಳಗೆ ಹೋದಾಗ ಅವನೊಬ್ಬ ಹೊರಗೇ ನಿಲ್ಲುತ್ತಾನೆ. ಅವನ ಪಾಲಿನ ಕಥೆಯನ್ನು ಉಳಿದವರ ನಡುವೆ ಹಂಚಬೇಕಾಯಿತು. ಪ್ರಾಗ್‌ನಲ್ಲಿ ನಡೆಯುತ್ತಿದ್ದ ಶೂಟಿಂಗ್ 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ನಿಂತು, ಮತ್ತೆ ಶುರುವಾದಾಗ ಗುಂಪಿನ ದೃಶ್ಯ ತೆಗೆಯುವುದೇ ಸಾಹಸವಾಗಿತ್ತು. ಕೊನೆಯ ಕಂತಿನ ಮಹಾಯುದ್ಧ ಬಡಕಲಾಗಿ ಕಂಡಿದ್ದರೆ ಚಿತ್ರಕಥೆಯನ್ನೊಂದೇ ಬೈಯಬೇಡಿ.

ಬೈಯಲೇಬೇಕೆಂದರೆ ಅದೇ ಕಂತಿನಲ್ಲಿ ಬೇರೆ ಜಾಗವಿದೆ. ಮಂತ್ರಶಕ್ತಿಯ ಹೊಡೆತಕ್ಕೆ ಸುಟ್ಟು ಹೆಣದಂತೆ ಬಿದ್ದ ನೈನೀವ್‌ಳನ್ನು ಎಗ್ವೇನ್ ಅತ್ತು ಎಬ್ಬಿಸುತ್ತಾಳೆ. ಪುಸ್ತಕದ ಮಾಂತ್ರಿಕ ಲೋಕಕ್ಕೆ ಒಂದು ಕಡಕ್ ನಿಯಮವಿದೆ: ಗಾಯ ಮಾಯಿಸಬಹುದು, ಸಾವನ್ನು ಮಾಯಿಸಲಾಗದು. ಇದಕ್ಕೆ ಪ್ರಾಗ್ ಕಾರಣವಲ್ಲ, ಕೊರೊನಾ ಕಾರಣವಲ್ಲ. ಪುಸ್ತಕ ಮುಟ್ಟದವರಿಗೂ ಇದು ಹೊಡೆಯುತ್ತದೆ. ಸತ್ತಂತಾದವರು ಅತ್ತರೆ ಏಳುತ್ತಾರೆ ಎಂದಾದರೆ, ಮುಂದಿನ ಸಲ ಯಾರಾದರೂ ಬಿದ್ದಾಗ ನೋಡುವವರ ಎದೆ ಯಾಕೆ ಧಸಕ್ ಎನ್ನಬೇಕು?

ನನ್ನನ್ನು ಯಾರಾದರೂ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ, ಈವರೆಗೆ ಒಬ್ಬರೂ ಕೇಳಿಲ್ಲ. “ಈ ಬದಲಾವಣೆ ಸಾಲ ಮಾಡಿತಲ್ಲ, ಆ ಸಾಲವನ್ನು ಮುಂದೆ ತೀರಿಸಿದರಾ?” ಎಂದು ಕೇಳಿ. ಪ್ರತಿ ಬದಲಾವಣೆಯೂ ನೋಡುಗರಿಂದ ಪಡೆದ ಕೈಗಡ. ಕ್ಯಾಮ್ಲಿನ್ ಬಿಟ್ಟ ಸಾಲ ಟಾರ್ ವ್ಯಾಲನ್‌ನಲ್ಲಿ ತೀರಿತು. ಲೈಲಾಳ ಸಾಲ ಮೊದಲ ಸೀಸನ್ನಿನಲ್ಲಿ ಬಡ್ಡಿಯೂ ತೀರಲಿಲ್ಲ.

ಈ ಅಳತೆಗೋಲು ಬೇರೆ ಕಡೆಯೂ ನಡೆಯುತ್ತದೆ. ‘ಗೇಮ್ ಆಫ್ ಥ್ರೋನ್ಸ್’ ಮೊದಲ ಸೀಸನ್ನಿನ ಐದನೇ ಕಂತಿನಲ್ಲಿ ರಾಜ ರಾಬರ್ಟ್ ಮತ್ತು ರಾಣಿ ಸರ್ಸೆ ಕೂತು ತಮ್ಮ ಹಾಳಾದ ಮದುವೆಯ ಬಗ್ಗೆ ಮಾತಾಡುತ್ತಾರೆ. ಪುಸ್ತಕದಲ್ಲಿ ಆ ದೃಶ್ಯ ಇಲ್ಲ. ಅಲ್ಲಿ ಪ್ರತಿ ಅಧ್ಯಾಯವೂ ಒಂದು ಪಾತ್ರದ ಕಣ್ಣಲ್ಲಿ ನಡೆಯುತ್ತದೆ, ಆ ಸಂಪುಟದಲ್ಲಿ ಇವರಿಬ್ಬರ ಕಣ್ಣಿಗೂ ಜಾಗವಿಲ್ಲ. ಪುಸ್ತಕದಲ್ಲಿಲ್ಲ ಎಂದು ಅದನ್ನು ಯಾರೂ ದೂರಲಿಲ್ಲ, ತಲೆ ಮೇಲೆ ಹೊತ್ತು ಕುಣಿದರು. ಅದೇ ಸರಣಿಯ ಕೊನೆಯ ಸೀಸನ್, 2019, 6 ಕಂತು. ಐದನೇ ಸಂಪುಟ 2011ರಲ್ಲಿ ಬಂದ ಮೇಲೆ ಮುಂದಿನ ಪುಸ್ತಕವೇ ಇಲ್ಲ, ಹೋಲಿಸಲು ಮೂಲವೇ ಇಲ್ಲ. ಆದರೂ ಮತ್ತೆ ಬರೆದು ತೆಗೆಯಿರಿ ಎಂಬ ಅರ್ಜಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಆ ಸೀಸನ್ನಿಗೇ ಅತ್ಯುತ್ತಮ ನಾಟಕ ಸರಣಿಯ ಎಮ್ಮಿ ಪ್ರಶಸ್ತಿಯೂ ಬಂತು, ಅದು ಬೇರೆ ಮಾತು. ಸಿಟ್ಟು ‘ಪುಸ್ತಕದ ಹಾಗಿಲ್ಲ’ ಎನ್ನುವುದಕ್ಕಾಗಿದ್ದರೆ ಪುಸ್ತಕವೇ ಇಲ್ಲದಲ್ಲಿ ಅಷ್ಟು ಸಿಟ್ಟು ಎಲ್ಲಿಂದ ಬಂತು?

‘ವ್ಹೀಲ್’ಗೇ ಮರಳುತ್ತೇನೆ. ಮೂರನೇ ಸೀಸನ್ನಿನ ನಾಲ್ಕನೇ ಕಂತಿನಲ್ಲಿ ರ‍್ಯಾಂಡ್ ಗಾಜಿನ ಕಂಬಗಳ ನಡುವೆ ನಡೆಯುತ್ತಾನೆ. ಒಂದೊಂದು ಹೆಜ್ಜೆಗೂ ಒಂದೊಂದು ತಲೆಮಾರು ಹಿಂದಕ್ಕೆ ಜಾರುತ್ತಾನೆ. ಪುಸ್ತಕದಲ್ಲಿ ಅವನು ಪೂರ್ವಜರ ಕಣ್ಣೊಳಗೆ ಕೂತು ನೋಡುತ್ತಾನೆ, ಇದೂ ತಲೆಯೊಳಗಿನ ಆಟವೇ. ತಲೆಮಾರಿಗೊಬ್ಬ ಹೊಸ ನಟನನ್ನು ತಂದಿದ್ದರೆ ಪ್ರತಿ ಸಲವೂ ಇವನು ಯಾರೆಂದು ಬಾಯಿಬಿಟ್ಟು ಹೇಳಬೇಕಿತ್ತು. ಹಾಗೆ ಮಾಡದೆ ರ‍್ಯಾಂಡ್ ಪಾತ್ರದ ಜೋಶಾ ಸ್ಟ್ರಡೋವ್ಸ್ಕಿಯ ಮುಖವನ್ನೇ ಮೇಕಪ್‌ನಿಂದ ಬದಲಿಸುತ್ತಾ ಹೋದರು. ಗಡ್ಡ, ಸುಕ್ಕು, ಮೂಗು ಬೇರೆ, ಕಣ್ಣು ಅವೇ. ವಂಶ ಒಂದೇ ಎನ್ನುವುದನ್ನು ಯಾರೂ ಹೇಳದೆ ನೋಡುವವರಿಗೆ ಹೊಳೆಯುತ್ತದೆ. ಬೈಯುತ್ತಿದ್ದ ಓದುಗರೂ ಈ ಕಂತಿಗೆ ಬಾಯಿ ಮುಚ್ಚಿದರು. ಒಂದು ತಿಂಗಳಿಗೆ ಸೀಸನ್ ಮುಗಿಯಿತು, ಇನ್ನೊಂದು ತಿಂಗಳಿಗೆ ಸರಣಿಯೇ ರದ್ದಾಯಿತು.

“ಹಾಗಾದರೆ ಮೊದಲು ಓದಬೇಕಾ, ನೋಡಬೇಕಾ?” ಇದೂ ಬರುತ್ತದೆ, ಗೊತ್ತು. ಆ ನಾಲ್ಕನೇ ಕಂತು ನೋಡಿ. ಆಮೇಲೆ ನಾಲ್ಕನೇ ಸಂಪುಟ ‘ದಿ ಶ್ಯಾಡೋ ರೈಸಿಂಗ್’ ತೆಗೆದು 25 ಮತ್ತು 26ನೇ ಅಧ್ಯಾಯ ಓದಿ. ಎರಡೂ ಸೇರಿ ಒಂದು ಸಂಜೆಯ ಕೆಲಸ. ಅಷ್ಟು ಮಾಡಿ ಬಂದವರ ಜೊತೆ ಜಗಳಕ್ಕೆ ನಾನು ಯಾವತ್ತೂ ತಯಾರು.